ನಾಲ್ಕು ಚೀಲಕ್ಕೆ ಒಂದೇ ಕಾಟಾ

ಹೋದ ಚಳಿಗಾಲ ಕುಷ್ಟಗಿ ಕಡೆ ಒಂದು ಹೊಲದ ಬದುವಿನ ಮೇಲೆ ಟೆಲಿಸ್ಕೋಪ್‌ಗೆ ಕ್ಯಾಮೆರಾ ಹೂಡಿಕೊಂಡು ಕೂತಿದ್ದೆ. ಕಡಲೆ ಕಾಯಲು ಬಂದ ಹುಡುಗನೊಬ್ಬ ಕಂಬಳಿ ಹೊದ್ದು ಪಕ್ಕದಲ್ಲೇ ಕೂತ.

"ಎಷ್ಟು ಮೆಗಾಪಿಕ್ಸೆಲ್ ಐತ್ರೀ ಅಣ್ಣಾ ಇದು?"

"ಇಪ್ಪತ್ತಾರು."

"ಅಷ್ಟ ಏನ್ರೀ? ನನ್ನ ಫೋನೇ ಐವತ್ತೈತಿ!"

ಆ ಇಪ್ಪತ್ತಾರನ್ನೂ ಇವತ್ತು ಆರೂವರೆಗೆ ಇಳಿಸಿದ್ದೀನಪ್ಪ ಅಂದೆ. ಅವನು ನನ್ನ ಮುಖ ನೋಡಿದ, ಆಮೇಲೆ ಟೆಲಿಸ್ಕೋಪ್ ನೋಡಿದ. ದುಡ್ಡು ಹಾಳು ಮಾಡಿಕೊಂಡ ಮನುಷ್ಯ ಅಂದುಕೊಂಡಿರಬೇಕು.

ಗ್ರಹಣದ ದಿನ ಅನ್ನದ ಮೇಲೆ ದರ್ಭೆ ಇಡುವುದನ್ನು ಮೂಢನಂಬಿಕೆ ಅಂತ ಬೈಯುವ ನಮ್ಮ ಗೆಳೆಯರೇ ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್‌ಗೆ ಕೈ ಮುಗಿಯುತ್ತಾರೆ. ಪಿಕ್ಸೆಲ್ ಜಾಸ್ತಿ ಆದಷ್ಟೂ ವಿವರ ಜಾಸ್ತಿ ಅಂತ. ಆಕಾಶದ ವಿಷಯದಲ್ಲಿ ಇದು ಸುಳ್ಳು, ಯಾಕಂದ್ರೆ ಎಷ್ಟು ವಿವರ ಸಿಗಬೇಕು ಅನ್ನೋದನ್ನು ಹೆಚ್ಚಿನ ರಾತ್ರಿಗಳಲ್ಲಿ ನಿರ್ಧರಿಸುವುದು ಕ್ಯಾಮೆರಾ ಅಲ್ಲ, ತಲೆಯ ಮೇಲಿನ ಗಾಳಿ.

ಲೆಕ್ಕ ಸುಲಭ. ಪಿಕ್ಸೆಲ್‌ನ ಅಗಲವನ್ನು ಮೈಕ್ರಾನ್‌ನಲ್ಲಿ ತಗೊಳ್ಳಿ, 206ರಿಂದ ಗುಣಿಸಿ, ಟೆಲಿಸ್ಕೋಪಿನ ಫೋಕಲ್ ಲೆಂಗ್ತ್ ಎಷ್ಟು ಮಿಲಿಮೀಟರ್ ಇದೆಯೋ ಅದರಿಂದ ಭಾಗಿಸಿ. ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್ ಸೆಕೆಂಡ್ ಜಾಗ ನೋಡುತ್ತೆ ಅನ್ನೋದು ಬಂತು. ನನ್ನದು 3.76 ಮೈಕ್ರಾನ್ ಪಿಕ್ಸೆಲ್, 2032 ಮಿಲಿಮೀಟರ್ ಫೋಕಲ್ ಲೆಂಗ್ತ್‌ನ, 8 ಇಂಚು ಅಗಲದ ಟೆಲಿಸ್ಕೋಪ್. ಉತ್ತರ 0.38. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಐದು ಕಿಲೋಮೀಟರ್ ಆಚೆ ಹಿಡಿದರೆ ಅದು ಸುಮಾರು ಒಂದು ಆರ್ಕ್ ಸೆಕೆಂಡ್ ಕಾಣುತ್ತೆ. ಅದರಲ್ಲೂ ಅರ್ಧಕ್ಕಿಂತ ಕಡಿಮೆ ನನ್ನ ಒಂದು ಪಿಕ್ಸೆಲ್‌ಗೆ. ಭಾರಿ ಅನ್ನಿಸುತ್ತೆ, ಅಲ್ವಾ?

ಆದರೆ ನಮ್ಮ ಸೀಮೆಯ ಬಂಡೆಗಳು ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಮೇಲಕ್ಕೆ ಬಿಡುತ್ತವೆ. ಬಿಸಿ ಗಾಳಿ, ತಣ್ಣನೆ ಗಾಳಿ ಕಲಸಿಕೊಂಡು ನಕ್ಷತ್ರದ ಬೆಳಕನ್ನು ಅತ್ತ ಇತ್ತ ಎಳೆದಾಡುತ್ತವೆ. ಸೂಜಿ ಮೊನೆಯಂತಿರಬೇಕಾದ ನಕ್ಷತ್ರ ಫೋಟೋದಲ್ಲಿ 3 ಆರ್ಕ್ ಸೆಕೆಂಡ್ ಅಗಲದ ಹತ್ತಿ ಉಂಡೆ ಆಗಿರುತ್ತೆ. ಅಂದ್ರೆ ಒಂದು ನಕ್ಷತ್ರಕ್ಕೆ ಅಡ್ಡಲಾಗಿ ಎಂಟು ಪಿಕ್ಸೆಲ್. ಬೇಕಾಗಿರೋದು ಎರಡೋ ಮೂರೋ. ಒಂದು ಅಲೆಯನ್ನು ಸರಿಯಾಗಿ ಹಿಡಿಯಲು ಕನಿಷ್ಠ ಎರಡು ಸಲ ಅಳೆಯಬೇಕು ಅನ್ನೋ ನಿಯಮಕ್ಕೆ ಹ್ಯಾರಿ ನೈಕ್ವಿಸ್ಟ್ ಅನ್ನೋ ಎಂಜಿನಿಯರ್ ಹೆಸರಿದೆ. ಅವರು 1928ರಲ್ಲಿ ಯೋಚಿಸುತ್ತಿದ್ದದ್ದು ಟೆಲಿಗ್ರಾಫ್ ಬಗ್ಗೆ, ನಕ್ಷತ್ರದ ಬಗ್ಗೆ ಅಲ್ಲ.

ಕಸೂತಿ ಹಾಕುವವರನ್ನು ಕೇಳಿ, ಅವರಿಗೆ ಇದು ಗೊತ್ತು. ಎಳೆ ಎಣಿಸಿ ಹೊಲಿಗೆ ಹಾಕೋದು ಅವರ ಕೆಲಸ. ದಪ್ಪ ಎಳೆಯ ಬಟ್ಟೆಯ ಮೇಲೆ ಸಣ್ಣ ನವಿಲು ಹಾಕಿದರೆ ಕೊಕ್ಕು ಮೂಲೆಮೂಲೆಯಾಗುತ್ತೆ. ಇದೇ ಕ್ಯಾಮೆರಾಕ್ಕೆ 135 ಮಿಲಿಮೀಟರ್ ಲೆನ್ಸ್ ಹಾಕಿದರೆ ಪಿಕ್ಸೆಲ್‌ಗೆ 5.7 ಆರ್ಕ್ ಸೆಕೆಂಡ್, ನಕ್ಷತ್ರಗಳೆಲ್ಲ ಚೌಕ ಚೌಕ. ಹಂಗಂತ ರೇಷ್ಮೆಯಷ್ಟು ನಯವಾದ ಬಟ್ಟೆ ಕೊಟ್ಟು, ನಕ್ಷೆಯನ್ನೇ ಇದ್ದಿಲಿನಲ್ಲಿ ಒರೆಸಿ ಕೊಟ್ಟರೆ? ಎಳೆ ಎಣಿಸಿ ಎಣಿಸಿ ಕಣ್ಣು ಹೋಗುತ್ತೆ, ನವಿಲೇನೂ ಚೂಪಾಗಲ್ಲ.

ಅದಕ್ಕೇ ಬಿನ್ನಿಂಗ್. ಎರಡಕ್ಕೆರಡು, ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡೋದು. 0.38 ಹೋಗಿ 0.76 ಆಗುತ್ತೆ. ನಕ್ಷತ್ರಕ್ಕೆ ನಾಲ್ಕು ಪಿಕ್ಸೆಲ್, ಧಾರಾಳವಾಯ್ತು.

ಈಗ ನನಗೆ ಇಷ್ಟವಾದ ಜಾಗಕ್ಕೆ ಬಂದೆ. ಗಂಗಾವತಿ ಕಡೆ ಭತ್ತದ ಚೀಲ ತೂಗುವುದನ್ನು ನೋಡಿದ್ದೀರಲ್ಲ? ಆ ಕಾಟಾ ಪ್ರತಿ ಸಲಕ್ಕೂ ಒಂದು ಕಿಲೋ ಹಿಂದೆಯೋ ಮುಂದೆಯೋ ತೋರಿಸುತ್ತೆ ಅಂದುಕೊಳ್ಳಿ. ಚೀಲ ದೊಡ್ಡದಿರಲಿ, ಸಣ್ಣದಿರಲಿ, ತಪ್ಪು ಅಷ್ಟೇ. ನಾಲ್ಕು ಚೀಲ ಬೇರೆ ಬೇರೆ ತೂಗಿದರೆ ನಾಲ್ಕು ತಪ್ಪು. ಒಂದು ಮೇಲೆ, ಒಂದು ಕೆಳಗೆ ಅಂತ ಅಷ್ಟಿಷ್ಟು ವಜಾ ಆಗಿ ಒಟ್ಟು ಸುಮಾರು ಎರಡು ಕಿಲೋ ಉಳಿಯುತ್ತೆ. ನಾಲ್ಕನ್ನೂ ಒಟ್ಟಿಗೇ ಕಾಟಾ ಮೇಲೆ ಇಟ್ಟರೆ? ಒಂದೇ ತಪ್ಪು, ಒಂದೇ ಕಿಲೋ. ಕ್ಯಾಮೆರಾದಲ್ಲಿ ಈ ತಪ್ಪಿಗೆ ರೀಡ್ ನಾಯ್ಸ್ ಅಂತಾರೆ.

ಸಿಸಿಡಿ ಅನ್ನೋ ಹಳೆ ಬಗೆಯ ಚಿಪ್ಪಿನ ಕ್ಯಾಮೆರಾಗಳಲ್ಲಿ ಒಂದೇ ಕಾಟಾ ಇರುತ್ತಿತ್ತು, ಚಿಪ್ಪಿನ ಮೂಲೆಯಲ್ಲಿ. ಬಾವಿ ತೋಡುವಾಗ ಆಳುಗಳು ಸಾಲಾಗಿ ನಿಂತು ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಂಗೆ ಬೆಳಕು ಬಿದ್ದು ಪ್ರತಿ ಪಿಕ್ಸೆಲ್‌ನಲ್ಲಿ ಹುಟ್ಟಿದ ಎಲೆಕ್ಟ್ರಾನ್‌ಗಳು ಪಕ್ಕದ ಪಿಕ್ಸೆಲ್‌ಗೆ ದಾಟಿ ದಾಟಿ ಆ ಮೂಲೆಗೆ ಬರುತ್ತಿದ್ದವು. ದಾರಿಯಲ್ಲೇ ನಾಲ್ಕು ಬುಟ್ಟಿ ಒಂದಕ್ಕೆ ಸುರಿದು ಒಮ್ಮೆ ತೂಗಬಹುದಿತ್ತು. ಈಗಿನ ಸಿಮೋಸ್ ಚಿಪ್ಪಿನ ಕ್ಯಾಮೆರಾಗಳಲ್ಲಿ ಪ್ರತಿ ಬುಟ್ಟಿಯ ಪಕ್ಕದಲ್ಲೇ ಪುಟ್ಟ ತಕ್ಕಡಿ ಇರುತ್ತೆ. ಸಾಮಾನ್ಯವಾಗಿ ತೂಗಿ ಆದಮೇಲೆ ಕೂಡಿಸೋದು. ಅಲ್ಲಿಗೆ ಬಿನ್ನಿಂಗ್‌ನ ಅರ್ಧ ಲಾಭ ಹೋಯ್ತು. ಆದರೂ ಅಳಬೇಕಾಗಿಲ್ಲ. ಸಿಸಿಡಿಯ ಕಾಟಾ ಸಲಕ್ಕೆ 8-10 ಎಲೆಕ್ಟ್ರಾನ್ ತಪ್ಪುತ್ತಿತ್ತು, ಇದು ಒಂದೂವರೆ ಎರಡು ಅಷ್ಟೇ. ನಾಲ್ಕು ಸಲ ತಪ್ಪಿದರೂ ಅದಕ್ಕಿಂತ ವಾಸಿ. ಅದಕ್ಕೇ ಸಿಮೋಸ್‌ನಲ್ಲಿ ಬಿನ್ನಿಂಗ್ ಅಲ್ಲೇ ಮಾಡಿದರೂ ಒಂದೇ, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಮಾಡಿದರೂ ಹೆಚ್ಚುಕಮ್ಮಿ ಒಂದೇ. ಹೊಲದಲ್ಲೇ ಮಾಡಿದರೆ ಫೈಲು ಸಣ್ಣದಾಗುತ್ತೆ, ನನ್ನ ಹಳೆ ಲ್ಯಾಪ್‌ಟಾಪ್ ಬದುಕುತ್ತೆ. ಇನ್ನು ಬಿನ್ ಮಾಡಿದರೆ ಬೆಳಕು ಜಾಸ್ತಿ ಬರುತ್ತೆ ಅನ್ನೋರಿಗೆ ಒಂದೇ ಮಾತು: ಭತ್ತ ಬೆಳೆಯೋದು ಹೊಲ, ಕಾಟಾ ಅಲ್ಲ.

ಸಿಸಿಡಿ ಹುಟ್ಟಿದ್ದು 1969ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ವಿಲ್ಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಅವರಿಗೆ 2009ರಲ್ಲಿ ಅದಕ್ಕೆ ನೊಬೆಲ್ ಬಂತು. ಅದು ನಮ್ಮ ಕಡೆ ಬರಲು ತಡವಾಯ್ತು ಬಿಡಿ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ರಾಯಚೂರು ಜಿಲ್ಲೆಯ ಮೇಲೆ ಹಾದಿತ್ತು. ಕೊಪ್ಪಳ ಆಗ ಅದೇ ಜಿಲ್ಲೆಯಲ್ಲಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಜವಳಗೇರಾಕ್ಕೆ ಬಂದು ಉಪಕರಣ ಹೂಡಿದ್ದರು. ಊರೂರಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು, ಅಂಥ ನೋಟ ತಲೆಯ ಮೇಲೇ ಹಾದುಹೋದರೂ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಆ ಕಾಲದ ಫಿಲ್ಮ್‌ನಲ್ಲಿ ಪಿಕ್ಸೆಲ್ ಇರಲಿಲ್ಲ, ಆದರೆ ಜಗಳ ಇದೇ. ಮಂದ ಬೆಳಕಿಗೆ ವೇಗದ ಫಿಲ್ಮ್ ಬೇಕು, ಅದರ ಕಣ ದಪ್ಪ. ಸಣ್ಣ ವಿವರ ಬೇಕಂದ್ರೆ ನಯವಾದ ಫಿಲ್ಮ್, ಅದು ನಿಧಾನ. ಈಗ ಒಂದು ಬಟನ್ ಒತ್ತಿ ಆರಿಸಿಕೊಳ್ಳುತ್ತೀವಿ, ಅಷ್ಟೇ ವ್ಯತ್ಯಾಸ.

ಆ ರಾತ್ರಿ ಹುಡುಗನಿಗೆ ಓರಿಯನ್ ನೆಬ್ಯುಲಾದ ಎರಡು ಚಿತ್ರ ತೋರಿಸಿದೆ. ಒಂದು ಪೂರ್ತಿ 26 ಮೆಗಾಪಿಕ್ಸೆಲ್, ಇನ್ನೊಂದು ಬಿನ್ ಮಾಡಿದ್ದು. ಎರಡನ್ನೂ ಒಂದೇ ಅಳತೆಗೆ ಹಿಗ್ಗಿಸಿ ಅಕ್ಕಪಕ್ಕ ಇಟ್ಟೆ. ಬಗ್ಗಿ ನೋಡಿದ, ಹಿಂದೆ ಸರಿದು ನೋಡಿದ.

"ಎರಡೂ ಒಂದೇ ಅದಾವಲ್ರೀ. ಹಂಗಾದ್ರ ನನ್ನ ಫೋನಿನಾಗ ಐವತ್ತು ಯಾಕ ಕೊಟ್ಟಾರ?"

ಅವನ ಫೋನ್ ಇಸಕೊಂಡು, ಸಂಜೆ ಅವನೇ ತೆಗೆದಿದ್ದ ಎತ್ತಿನ ಫೋಟೋದ ವಿವರ ತೆರೆದೆ. 4080 ಗುಣಿಲೆ 3072 ಅಂತಿತ್ತು. ಗುಣಿಸು ಅಂದೆ. ಕ್ಯಾಲ್ಕುಲೇಟರ್ ತೆಗೆದು ಗುಣಿಸಿದ. ಒಂದು ಕೋಟಿ ಇಪ್ಪತ್ತೈದು ಲಕ್ಷ ಚಿಲ್ಲರೆ, ಅಂದ್ರೆ ಹನ್ನೆರಡೂವರೆ ಮೆಗಾಪಿಕ್ಸೆಲ್. ಅಳಿಸಿ ಇನ್ನೊಂದು ಸಲ ಗುಣಿಸಿದ.