ಕುದಿಯುವ ನೀರು, ಉಮಿಕರಿ ಮತ್ತು ಹಲ್ಲಿನ ಸೆಟ್ಟು

ಹಲ್ಲಿನ ಸೆಟ್ಟನ್ನು ಕುದಿಯುವ ನೀರಿಗೆ ಹಾಕಿದರೆ ಅದು ಶುದ್ಧವಾಗುತ್ತದೆ ಎಂಬ ನಂಬಿಕೆ ನಮ್ಮ ಕಾಸರಗೋಡಿನ ಕಡೆ ಬಹಳ ಗಟ್ಟಿಯಾಗಿ ಬೇರೂರಿದೆ. ಬಚ್ಚಲಿನ ಹಂಡೆಯಲ್ಲಿ ಬೆಳಗಿನಿಂದಲೇ ನೀರು ಕಾಯುತ್ತಿರುವ ಮನೆಗಳಲ್ಲಿ, ಹಾಲಿನ ಪಾತ್ರೆಯನ್ನೂ ಮಗುವಿನ ಬಾಟಲಿಯನ್ನೂ ಬಿಸಿನೀರಿನಲ್ಲೇ ತೊಳೆಯುವ ರೂಢಿಯಿರುವಾಗ, ಅಜ್ಜನ ಸೆಟ್ಟಿಗೂ ಒಂದು ಚೆಂಬು ಸುರಿದರೆ ತಪ್ಪೇನು ಎಂದು ಅನ್ನಿಸುವುದು ಸಹಜವೇ. ಕೆಲವು ತಿಂಗಳಲ್ಲಿ ಸೆಟ್ಟು ಮಾತಿನ ನಡುವೆ ಜಾರತೊಡಗಿದಾಗ ಮಾತ್ರ ದೂರು ಹಂಡೆಯ ಮೇಲೆ ಹೋಗುವುದಿಲ್ಲ, ಅಳತೆ ತೆಗೆದ ದಂತವೈದ್ಯರ ಮೇಲೆ ಹೋಗುತ್ತದೆ. ಬಿಸಿನೀರಿಗೂ ಸೆಟ್ಟಿಗೂ ಇರುವ ವೈರದ ಕಾರಣ ತುಂಬ ಸೊಗಸಾದದ್ದು. ಅದನ್ನು ಒಮ್ಮೆ ಅರ್ಥ ಮಾಡಿಕೊಂಡವರು ಮತ್ತೆ ಆ ಚೆಂಬಿಗೆ ಕೈಹಾಕಲಾರರು.

ಸೆಟ್ಟಿನ ಗುಲಾಬಿ ಬಣ್ಣದ ತಳವು ಪಾಲಿಮಿಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್ ಪ್ಲಾಸ್ಟಿಕ್. ಪುಡಿ ಮತ್ತು ದ್ರವವನ್ನು ಕಲಸಿ ಹಿಟ್ಟಿನಂತಾದ ಮೇಲೆ ಅದನ್ನು ಲೋಹದ ಪೆಟ್ಟಿಗೆಯೊಳಗಿನ ಪ್ಲಾಸ್ಟರ್ ಅಚ್ಚಿನಲ್ಲಿ ಒತ್ತಿ, ಪೆಟ್ಟಿಗೆಯನ್ನು ಬಿಗಿದು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಸುಮಾರು 74 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ಗಂಟೆ ಇಡುವುದು ಒಂದು ಕ್ರಮ. ಅದೇ ಬಿಸಿಯಲ್ಲಿ 2 ಗಂಟೆ ಇಟ್ಟು ಕೊನೆಗೆ ಒಂದು ಗಂಟೆ ಕುದಿಸುವುದು ಇನ್ನೊಂದು. ಹಾಗಿದ್ದರೆ ಹುಟ್ಟುವಾಗಲೇ ಕುದಿನೀರನ್ನು ಕಂಡ ವಸ್ತುವಿಗೆ ಆಮೇಲೆ ಅದೇ ನೀರು ಹೇಗೆ ಕೆಡುಕಾಗುತ್ತದೆ? ಬುದ್ಧಿವಂತರು ಕೇಳುವ ಪ್ರಶ್ನೆ ಇದು, ಉತ್ತರವಿರುವುದು ಆ ಪ್ಲಾಸ್ಟರ್ ಅಚ್ಚಿನಲ್ಲಿ. ಅಕ್ರಿಲಿಕ್ ಗಟ್ಟಿಯಾಗುವಾಗಲೂ ತಣಿಯುವಾಗಲೂ ಕುಗ್ಗಲು ನೋಡುತ್ತದೆ. ಸುತ್ತಲಿನ ಪ್ಲಾಸ್ಟರ್ ಅದಕ್ಕೆ ಆಸ್ಪದ ಕೊಡುವುದಿಲ್ಲ. ಕುಗ್ಗಬೇಕೆಂದಿದ್ದ ಉದ್ದುದ್ದದ ಅಣುಸರಪಳಿಗಳು ಇದ್ದಲ್ಲೇ ಬಿಗಿದುಕೊಂಡು, ತಣ್ಣಗಾದ ಪ್ಲಾಸ್ಟಿಕ್ಕಿನೊಳಗೆ ಒಂದು ಎಳೆತವಾಗಿ ಉಳಿದುಬಿಡುತ್ತವೆ. ಅಚ್ಚಿನಿಂದ ಹೊರತೆಗೆದು ಉಜ್ಜಿ ಹೊಳಪು ಕೊಟ್ಟ ಸೆಟ್ಟು ನೋಡುವುದಕ್ಕೆ ನಿಶ್ಚಲವಾಗಿದ್ದರೂ ಆ ಎಳೆತ ಅದರೊಳಗೆ ಹಾಗೆಯೇ ಇರುತ್ತದೆ.

ಶುದ್ಧ ರೂಪದಲ್ಲಿ ಈ ಪ್ಲಾಸ್ಟಿಕ್ ಮೆತ್ತಗಾಗುವುದು ಸುಮಾರು 105 ಡಿಗ್ರಿಯ ಹೊತ್ತಿಗೆ. ಕುದಿಯುವ ನೀರು ಅದರ ತೀರ ಸಮೀಪಕ್ಕೆ ಬರುತ್ತದೆ, ಮತ್ತು ಸೆರೆಸಿಕ್ಕ ಎಳೆತ ಸಡಿಲಗೊಳ್ಳುವುದಕ್ಕೆ ಅಷ್ಟು ಬಿಸಿಯೂ ಬೇಕಾಗಿಲ್ಲ. ಅಣುಸರಪಳಿಗಳಿಗೆ ತುಸು ಚಲನೆ ಸಿಕ್ಕಿದೊಡನೆ ಅವು ಅಂದು ತಡೆಹಿಡಿದಿದ್ದ ಕುಗ್ಗುವಿಕೆಯನ್ನು ಇಂದು ಪೂರೈಸುತ್ತವೆ. ಈ ಬಾರಿ ತಡೆಯಲು ಪ್ಲಾಸ್ಟರ್ ಇಲ್ಲವಾದ್ದರಿಂದ ಸೆಟ್ಟು ತಿರುಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟು ತಿರುಚಬೇಕೆಂದೇನೂ ಇಲ್ಲ. ಮೇಲ್ದವಡೆಯ ಸೆಟ್ಟನ್ನು ಅಂಗಳಕ್ಕೆ, ಅಂದರೆ ಬಾಯೊಳಗಿನ ಮೇಲ್ಭಾಗಕ್ಕೆ, ಕಚ್ಚಿ ಹಿಡಿದಿರುವುದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನ ಒಂದು ಜೊಲ್ಲಿನ ಪೊರೆ. ಆ ಪೊರೆ ತೆಳುವಾಗಿದ್ದಷ್ಟೂ ಹಿಡಿತ ಹೆಚ್ಚು. ಅಂಚಿನಲ್ಲಿ ಎಲ್ಲಿಯಾದರೂ ಸಂದು ಬಿಟ್ಟು ಗಾಳಿ ಒಳಹೊಕ್ಕಿತೋ, ಹಿಡಿತ ಹೋಯಿತು.

ಇದೇ ಲೆಕ್ಕ ಒಣಗುವಿಕೆಗೂ ಅನ್ವಯಿಸುತ್ತದೆ. ಅಕ್ರಿಲಿಕ್ ನೀರು ಕುಡಿಯುವ ವಸ್ತು. ತನ್ನ ತೂಕದ ಸುಮಾರು ನೂರಕ್ಕೆ 2 ಭಾಗದಷ್ಟು ನೀರನ್ನು ಅದು ನಿಧಾನವಾಗಿ, ವಾರಗಟ್ಟಲೆ ಹೀರಿಕೊಳ್ಳುತ್ತದೆ. ನೀರು ಹೀರಿ ತೂಕ ನೂರಕ್ಕೆ 1ರಷ್ಟು ಏರಿದಾಗಲೆಲ್ಲ ಅದರ ಉದ್ದಗಲ ನೂರಕ್ಕೆ 0.23ರಷ್ಟು ಹಿಗ್ಗುತ್ತದೆ. ಐದು ಸೆಂಟಿಮೀಟರ್ ಅಗಲದ ಸೆಟ್ಟಿಗೆ ಇದನ್ನು ಅನ್ವಯಿಸಿದರೆ, ಪೂರ್ತಿ ಒಣಗಿದ ಸ್ಥಿತಿಗೂ ಪೂರ್ತಿ ನೆನೆದ ಸ್ಥಿತಿಗೂ ನಡುವೆ ಕಾಲು ಮಿಲಿಮೀಟರಿನ ಸಮೀಪದ ವ್ಯತ್ಯಾಸ ಬರುತ್ತದೆ. ಜೊಲ್ಲಿನ ಪೊರೆಯ ಎದುರಿಗೆ ಅದು ಸಣ್ಣದಲ್ಲ. ಒಂದು ರಾತ್ರಿಯಲ್ಲಿ ಅಷ್ಟೆಲ್ಲ ಒಣಗದು, ನಿಜ. ಆದರೆ ಮನೆಯಲ್ಲಿ ನಡೆಯುವುದು ಒಂದು ರಾತ್ರಿಯ ಮಾತಲ್ಲ. ಎಂಜಲಿನ ವಸ್ತುವೆಂದು ಅದಕ್ಕೆ ಮನೆಯ ಲೋಟ ಕೊಡದೆ, ಹಳೆಯ ಪೇಪರಿನಲ್ಲಿಯೋ ಕರವಸ್ತ್ರದಲ್ಲಿಯೋ ಸುತ್ತಿ ಬಚ್ಚಲಿನ ಕಿಟಕಿಯಲ್ಲಿ ಇಟ್ಟುಬಿಡುತ್ತಾರೆ. ಜ್ವರವೆಂದೋ ಬಾಯಿಹುಣ್ಣೆಂದೋ ಹತ್ತು ಹದಿನೈದು ದಿನ ಹಾಕದೆ ಬಿಟ್ಟು, ಮತ್ತೆ ತೆಗೆದು ಹಾಕಿಕೊಳ್ಳುವಾಗ ನೋವೆನ್ನುತ್ತಾರೆ. ಮುಚ್ಚಳವಿರುವ ಒಂದು ಡಬ್ಬಿಯನ್ನು ಅದಕ್ಕೆಂದೇ ತೆಗೆದಿಟ್ಟು, ಸೆಟ್ಟು ಮುಳುಗುವಷ್ಟು ತಣ್ಣೀರು ಹಾಕಿ, ನೀರನ್ನು ದಿನವೂ ಬದಲಿಸಿದರೆ ಮಡಿಗೂ ಭಂಗವಿಲ್ಲ, ಸೆಟ್ಟಿಗೂ ಭಂಗವಿಲ್ಲ.

ಈ ವಸ್ತುವಿನ ಚರಿತ್ರೆ ಸ್ವಲ್ಪ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅಕ್ರಿಲಿಕ್‌ಗಿಂತ ಮೊದಲು ಸೆಟ್ಟುಗಳನ್ನು ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರಿನಿಂದ, ಅಂದರೆ ವಲ್ಕನೈಟ್‌ನಿಂದ ಮಾಡುತ್ತಿದ್ದರು. ಅದು ಬಂದದ್ದರಿಂದಲೇ ಆನೆ ದಂತ, ನೀರಾನೆ ದಂತ, ಚಿನ್ನ ಇವುಗಳ ದುಬಾರಿ ಸೆಟ್ಟುಗಳ ಕಾಲ ಮುಗಿದು ಸಾಮಾನ್ಯರಿಗೂ ಹಲ್ಲು ಕಟ್ಟಿಸುವುದು ಸಾಧ್ಯವಾಯಿತು. ಆದರೆ ಅಮೆರಿಕದಲ್ಲಿ ಅದರ ಪೇಟೆಂಟ್ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿಯ ಕೈಯಲ್ಲಿತ್ತು. ಪ್ರತಿಯೊಬ್ಬ ದಂತವೈದ್ಯನಿಂದ ಪರವಾನಗಿ ಹಣ ವಸೂಲು ಮಾಡಲು ಕಂಪನಿಯ ಖಜಾಂಚಿ ಜೋಸಾಯ ಬೇಕನ್ ಊರೂರು ಅಲೆದು ಮೊಕದ್ದಮೆ ಹೂಡುತ್ತಿದ್ದ. 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಯಾಮ್ಯುಯೆಲ್ ಚಾಲ್‌ಫಂಟ್ ಎಂಬ ದಂತವೈದ್ಯ ಅವನನ್ನು ಗುಂಡಿಟ್ಟು ಕೊಂದ. ಹಲ್ಲಿನ ಸೆಟ್ಟಿನ ಕಾರಣಕ್ಕೆ ಕೊಲೆಯೂ ನಡೆದಿದೆ ಎಂದರೆ ನಂಬುವವರು ಕಡಿಮೆ. 1930ರ ದಶಕದಲ್ಲಿ ಅಕ್ರಿಲಿಕ್ ಬಂದ ಮೇಲೆ ವಲ್ಕನೈಟ್ ಎಷ್ಟು ಬೇಗ ಮೂಲೆಗೆ ಸರಿಯಿತೆಂದರೆ, 1946ರ ಹೊತ್ತಿಗೆ ನೂರಕ್ಕೆ 98 ಸೆಟ್ಟುಗಳ ತಳ ಅಕ್ರಿಲಿಕ್‌ನದ್ದೇ ಎಂದು ಅಂದಾಜು ಮಾಡಲಾಗಿತ್ತು. ಕಣ್ಣಿನ ಪೊರೆ ತೆಗೆದು ಒಳಗೆ ಲೆನ್ಸ್ ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲು ಮಾಡಿದಾಗ ಬಳಸಿದ್ದೂ ಇದೇ ಪ್ಲಾಸ್ಟಿಕ್ಕನ್ನು.

ಇನ್ನು ಉಜ್ಜುವ ವಿಚಾರ. ನಮ್ಮಲ್ಲಿ ಹಿರಿಯರು ಹಲ್ಲುಜ್ಜುತ್ತಿದ್ದದ್ದು ಉಮಿಕರಿಯಿಂದ, ಅಂದರೆ ಭತ್ತದ ಉಮಿ ಸುಟ್ಟ ಕರಿಪುಡಿಯಿಂದ, ಜೊತೆಗೆ ಒಂದು ಮಾವಿನೆಲೆ. ಸ್ವಂತ ಹಲ್ಲು ಹೋಗಿ ಸೆಟ್ಟು ಬಂದ ಮೇಲೂ ಕೈ ಅದೇ ಡಬ್ಬಿಗೆ ಹೋಗುತ್ತದೆ. ಭತ್ತದ ಉಮಿಯನ್ನು ಸುಟ್ಟರೆ ಉಳಿಯುವ ಬೂದಿಯ ಬಹುಪಾಲು ಸಿಲಿಕಾ, ಅಂದರೆ ಮರಳಿನ ಸಾರ. ನೂಪ್ ಮಾಪನದಲ್ಲಿ ಹಲ್ಲಿನ ಹೊರಪದರವಾದ ಎನಾಮಲ್‌ನ ಗಡಸುತನ ಸುಮಾರು 340 ಇದ್ದರೆ ಅಕ್ರಿಲಿಕ್‌ನದ್ದು 20ರ ಆಸುಪಾಸು. ಎನಾಮಲ್ ಕೂಡ ಸವೆಯುವ ಪುಡಿಯನ್ನು ಅದಕ್ಕಿಂತ ಇಷ್ಟೊಂದು ಮೆತ್ತಗಿನ ವಸ್ತುವಿನ ಮೇಲೆ ಉಜ್ಜಿದರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ. ಟೂತ್‌ಪೇಸ್ಟ್ ಕೂಡ ಇಲ್ಲಿ ನಿರಪರಾಧಿಯಲ್ಲ, ಅದರಲ್ಲಿಯೂ ಉಜ್ಜುವ ಕಣಗಳಿವೆ. ‘ಬಿಳುಪು’ ಕೊಡುತ್ತೇವೆಂದು ಹೇಳಿಕೊಳ್ಳುವ ಪೇಸ್ಟುಗಳಂತೂ ಇನ್ನೂ ಒರಟು.

ಗೀರು ಬಿದ್ದರೆ ಅಂದ ಕೆಡುತ್ತದೆ, ಅಷ್ಟೇ ತಾನೇ ಎಂದುಕೊಂಡರೆ ನಿಜವಾದ ಅಪಾಯ ತಪ್ಪಿಹೋಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಮುರಕಲ್ಲಿನ ಪಾಗಾರವನ್ನು ನೋಡಿ: ಸಿಮೆಂಟು ಸಾರಿಸಿ ನುಣುಪು ಮಾಡಿದ ಕಡೆ ಕೈಯಿಂದ ಒರಸಿದರೆ ಪಾಚಿ ಕಿತ್ತುಬರುತ್ತದೆ, ಬರಿಯ ಕಲ್ಲಿನ ತೂತುಗಳಲ್ಲಿ ಹಿಡಿದ ಪಾಚಿ ಮಾತ್ರ ಎಷ್ಟು ತಿಕ್ಕಿದರೂ ಬುಡ ಬಿಡದೆ ಮತ್ತೊಂದು ಮಳೆಗೆ ಮೊದಲಿನಂತೆಯೇ ಹಬ್ಬುತ್ತದೆ. ಗೀರುಗಳಲ್ಲಿ ಹಾಗೆ ಬೇರೂರುವುದು ಬ್ಯಾಕ್ಟೀರಿಯಾಗಳೂ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಶಿಲೀಂಧ್ರವೂ ಕೂಡಿ ನೇಯುವ ಅಂಟಂಟಾದ ಪದರ. ಬಾಯಿಯ ಉಳಿದ ಭಾಗಗಳನ್ನು ಜೊಲ್ಲು ತೊಳೆಯುತ್ತಿರುತ್ತದೆ, ನಾಲಗೆ ಸವರುತ್ತಿರುತ್ತದೆ. ಸೆಟ್ಟಿನ ಅಡಿಯಲ್ಲಿ ಎರಡಕ್ಕೂ ಪ್ರವೇಶವಿಲ್ಲ. ಇದಕ್ಕೆ ಜೊತೆಯಾಗಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ: ಸೆಟ್ಟಿನ ಹೊರಮೈಗೆ ಪ್ರಯೋಗಾಲಯದಲ್ಲಿ ಹೊಳಪು ಕೊಡುತ್ತಾರೆ, ಒಸಡಿಗೆ ತಾಗುವ ಒಳಮೈಗೆ ಕೊಡುವುದಿಲ್ಲ, ಕೊಟ್ಟರೆ ಅಳತೆ ಕೆಡುತ್ತದೆ. ಹಾಗಾಗಿ ಒರಟಾದ ಮೈ ಮೊದಲಿನಿಂದಲೂ ಒಳಗಡೆಯೇ ಇದೆ. ನಾವೋ, ನಾಲ್ಕು ಜನರಿಗೆ ಕಾಣುವ ಮುಂಭಾಗವನ್ನು ಫಳಫಳ ಹೊಳೆಯಿಸಿ ಒಳಮೈಗೆ ಎರಡು ಸುತ್ತು ನೀರು ತೋರಿಸಿ ಮುಗಿಸುತ್ತೇವೆ. ಅಂಗಳದಲ್ಲಿ ಸೆಟ್ಟು ಕೂರುವಷ್ಟೇ ಜಾಗ ಕೆಂಪಾಗಿದ್ದರೆ ಅದು ಹೆಚ್ಚಾಗಿ ಈ ಶಿಲೀಂಧ್ರದ ಕೆಲಸ. ಬಹಳ ಸಲ ನೋವಿರುವುದಿಲ್ಲವಾದ್ದರಿಂದ ಕನ್ನಡಿ ಹಿಡಿದು ನೋಡಿದವರಿಗಷ್ಟೇ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು. ಬಾಯಿಗೆ ಔಷಧಿ ಹಚ್ಚಿ ಸೆಟ್ಟನ್ನು ಹಾಗೆಯೇ ಬಿಟ್ಟರೆ ಮತ್ತೆ ಮರುಕಳಿಸುತ್ತದೆ.

ರಾತ್ರಿ ಸೆಟ್ಟು ತೆಗೆದಿಟ್ಟು ಮಲಗಬೇಕೆಂದು ಹೇಳುವುದೂ ಇದಕ್ಕಾಗಿಯೇ. ಜಪಾನಿನಲ್ಲಿ 85 ದಾಟಿದ 524 ಮಂದಿಯನ್ನು ಅನುಸರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಸಂಭವ ಸುಮಾರು ಎರಡು ಪಟ್ಟು ಇತ್ತು. ನಿದ್ದೆಯಲ್ಲಿ ಬಾಯಿಯ ಜೊಲ್ಲು ತುಸು ಶ್ವಾಸನಾಳಕ್ಕೆ ಇಳಿಯುವುದು ಮುದುಕರಲ್ಲಿ ಸಾಮಾನ್ಯ, ಜೊಲ್ಲಿನಲ್ಲಿ ಏನಿದೆಯೋ ಅದೂ ಜೊತೆಗೆ ಇಳಿಯುತ್ತದೆ. ಬೊಚ್ಚುಬಾಯಿಯಲ್ಲಿ ಮಲಗಲು ನಾಚಿಕೆಪಡುವವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಒಸಡಿಗೆ ದಿನಕ್ಕೆ ಆರೆಂಟು ಗಂಟೆಯ ವಿಶ್ರಾಂತಿ ಬೇಕೇ ಬೇಕು.

ತೊಳೆಯುವ ಕ್ರಮ ಸರಳವಾದದ್ದು. ಬೋಗುಣಿಯಲ್ಲಿ ಅರ್ಧದಷ್ಟು ನೀರು ತುಂಬಿಸಿ ಅದರ ಮೇಲೆಯೇ ಸೆಟ್ಟನ್ನು ಹಿಡಿದು ಉಜ್ಜಬೇಕು. ಸಾಬೂನಿನ ಕೈಯಿಂದ ಜಾರಿದರೂ ಬಚ್ಚಲಿನ ಹಾಸುಗಲ್ಲಿಗೆ ಬೀಳದೆ ನೀರಿಗೆ ಬೀಳುತ್ತದೆ. ಮೆತ್ತಗಿನ ಬ್ರಷ್ಷು, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಅಥವಾ ಸಾದಾ ಸಾಬೂನು, ತಣ್ಣನೆಯ ಇಲ್ಲವೇ ಉಗುರುಬೆಚ್ಚಗಿನ ನೀರು ಇಷ್ಟು ಸಾಕು. ಒಳಮೈಯ ಏಣುತಗ್ಗುಗಳಿಗೆ, ಮುಖ್ಯವಾಗಿ ಅಂಚಿನ ಸುತ್ತ, ಬ್ರಷ್ಷಿನ ತುದಿ ಮುಟ್ಟಬೇಕು. ಊಟವಾದ ಮೇಲೆಲ್ಲ ತೆಗೆದು ಬರಿಯ ನೀರಿನಲ್ಲಿ ತೊಳೆದರೆ ಒಳ್ಳೆಯದು. ಬಾಯಿಯ ಒಸಡು, ಅಂಗಳ, ನಾಲಗೆಯನ್ನು ಒದ್ದೆ ಬಟ್ಟೆಯಿಂದ ಒರಸುವುದನ್ನೂ ಮರೆಯಬಾರದು.

ಬ್ರಷ್ಷು ತಲುಪದಲ್ಲಿಗೆ ನೆನೆಸುವಿಕೆ ತಲುಪುತ್ತದೆ. ಔಷಧದಂಗಡಿಯಲ್ಲಿ ಸಿಗುವ ಗುಳಿಗೆಗಳು ನೀರಿಗೆ ಬಿದ್ದೊಡನೆ ನೊರೆಯುಕ್ಕಿಸಿ ಆಮ್ಲಜನಕ ಬಿಡುಗಡೆ ಮಾಡುತ್ತವೆ. ಉಜ್ಜಿದ ಮೇಲೆ ಬಳಸಿದರೆ ಅವು ಪ್ರಯೋಜನಕಾರಿ, ಉಜ್ಜುವುದಕ್ಕೆ ಬದಲಾಗಿ ಬಳಸಿದರೆ ದುಡ್ಡು ದಂಡ. ಅವುಗಳಲ್ಲಿರುವ ಪರ್ಸಲ್ಫೇಟ್ ಕೆಲವರಿಗೆ ಒಗ್ಗದೆ ಅಲರ್ಜಿ ಉಂಟುಮಾಡುತ್ತದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2008ರಲ್ಲಿಯೇ ಎಚ್ಚರಿಸಿದೆ. ಆದ್ದರಿಂದ ಆ ನೀರನ್ನು ಬಾಯಿಗೆ ಹಾಕದೆ, ಸೆಟ್ಟನ್ನು ಚೆನ್ನಾಗಿ ತೊಳೆದೇ ಹಾಕಿಕೊಳ್ಳಬೇಕು. ಶಿಲೀಂಧ್ರವನ್ನು ಕೊಲ್ಲುವುದರಲ್ಲಿ ಇದಕ್ಕಿಂತ ಬಲವಾದದ್ದು ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆಗೆಂದು ಮಾರುವ, ನೂರಕ್ಕೆ 4ರಿಂದ 5 ಭಾಗ ಬಲದ, ಪರಿಮಳ ಬೆರೆಸದ ಬ್ಲೀಚ್ ದ್ರವದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಬೇಕಾದಷ್ಟಾಯಿತು. ಹತ್ತು ನಿಮಿಷಕ್ಕಿಂತ ಹೆಚ್ಚು ಇಡಕೂಡದೆಂದು ಅಮೆರಿಕದ ಪ್ರೊಸ್ಥೊಡಾಂಟಿಸ್ಟರ (ಕೃತಕ ಹಲ್ಲು ಕಟ್ಟುವ ತಜ್ಞರ) ಕಾಲೇಜು 2011ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೀರಿದರೆ ಬಣ್ಣ ಹೋಗುತ್ತದೆ. ಬಾವಿಗೆ ಹಾಕಿ ಮಿಕ್ಕ ಬ್ಲೀಚಿಂಗ್ ಪೌಡರ್ ಮನೆಯಲ್ಲಿದೆಯಲ್ಲ ಎಂದು ಅದನ್ನೇ ಬಳಸುವುದು ಬೇಡ, ಅದರ ಬಲ ದಿನಕ್ಕೊಂದು ಬಗೆ, ಕರಗದ ಸುಣ್ಣದ ಕಣಗಳು ಬೇರೆ. ಕೊಕ್ಕೆ ಅಥವಾ ತಳ ಲೋಹದ್ದಾಗಿದ್ದರೆ ಈ ದ್ರವ ಲೋಹವನ್ನು ತಿನ್ನುತ್ತದೆ, ಅಂಥ ಸೆಟ್ಟಿಗೆ ಗುಳಿಗೆಯೇ ಸರಿ. ಒಳಗೆ ಮೆತ್ತನೆಯ ಪದರ ಕೂರಿಸಿದ್ದರೆ ಏನು ಬಳಸಬಹುದೆಂದು ವೈದ್ಯರನ್ನೇ ಕೇಳಬೇಕು.

ಅಡಿಕೆಯ ನಾಡಿನಲ್ಲಿ ಇನ್ನೊಂದು ತೊಡಕಿದೆ. ಹಲ್ಲಿಲ್ಲದಾಗ ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದವರು ಸೆಟ್ಟು ಬಂದ ಮರುದಿನದಿಂದಲೇ ಇಡೀ ಅಡಿಕೆಹೋಳಿಗೆ ಮರಳುತ್ತಾರೆ. ಅಡಿಕೆಯ ಟ್ಯಾನಿನ್ ಸುಣ್ಣದ ಕ್ಷಾರದಲ್ಲಿ ಕೆಂಪು ಬಣ್ಣ ತಾಳಿ ಅಕ್ರಿಲಿಕ್‌ಗೆ ಅಂಟುತ್ತದೆ, ಹಲ್ಲುಗಳ ಬುಡದಲ್ಲಿ ಕಿಟ್ಟ ಕಟ್ಟುತ್ತದೆ. ಕಂಚಿನ ಪಾತ್ರೆ ಬೆಳಗಿದಂತೆ ಹುಣಸೆಹುಳಿ, ಬೂದಿ ಹಾಕಿ ತಿಕ್ಕುವುದು ಇಲ್ಲಿ ನಡೆಯುವುದಿಲ್ಲ, ಬೂದಿ ಗೀರುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿದರೆ ಕ್ಯಾಲ್ಸಿಯಂ ಲವಣದ ಆ ಕಿಟ್ಟ ಸಡಿಲವಾಗಿ ಬ್ರಷ್ಷಿಗೆ ಬರುತ್ತದೆ. ಬಾರದಿದ್ದರೆ ಪಿಸುಗತ್ತಿಯಿಂದ ಕೆರೆಯದೆ ವೈದ್ಯರಲ್ಲಿಗೆ ಒಯ್ಯಬೇಕು. ವಿನೆಗರನ್ನೂ ಬ್ಲೀಚನ್ನೂ ಯಾವ ಕಾರಣಕ್ಕೂ ಒಂದೇ ಪಾತ್ರೆಗೆ ಹಾಕಕೂಡದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಸೆಟ್ಟು ಒಂದು ಕಡೆ ಚುಚ್ಚಿ ಹುಣ್ಣಾದರೆ ಅರ ಹಿಡಿದು ತಾವೇ ಉಜ್ಜುವ, ಒಡೆದರೆ ದಿಢೀರ್ ಗೋಂದಿನಿಂದ ಅಂಟಿಸುವ ಕೈಚಳಕದವರು ನಮ್ಮಲ್ಲಿ ಬಹಳ ಮಂದಿ. ಉಜ್ಜಬೇಕಾದದ್ದು ಎಲ್ಲಿ ಎಂಬುದು ಹುಣ್ಣು ಇರುವ ಜಾಗದಿಂದ ಯಾವಾಗಲೂ ತಿಳಿಯುವುದಿಲ್ಲ. ಹಲ್ಲಿಲ್ಲದ ದವಡೆಯ ಮೂಳೆಯೂ ವರ್ಷ ವರ್ಷಕ್ಕೆ ಕರಗುತ್ತಿರುತ್ತದೆ, ಕೆಳದವಡೆಯಲ್ಲಿ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಆದ್ದರಿಂದ ಎಷ್ಟು ಚೆನ್ನಾಗಿ ನೋಡಿಕೊಂಡ ಸೆಟ್ಟಿಗೂ ಕೆಲವು ವರ್ಷಗಳಲ್ಲಿ ಒಳಪದರ ಹಾಕಿಸಬೇಕಾಗುತ್ತದೆ. ಸೆಟ್ಟು ತೆಗೆದಿಟ್ಟರೂ ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇವು ಕಂಡರೆ ವೀಳ್ಯ ಹಾಕುವವರು ಒಂದು ದಿನವೂ ತಡಮಾಡಬಾರದು: ಹೊಗೆಸೊಪ್ಪು ಸೇರಿಸದ ಬರಿಯ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿದೆ.