ರೆಗೆ ಮತ್ತು ಡ್ಯಾನ್ಸ್‌ಹಾಲ್‌ನ ಆರಂಭದ ಘಟ್ಟಗಳು: ‘ವರ್ಷನ್’ ಎಂಬ ಎಳೆ

ಜಮೈಕಾದ ರೆಗೆ ಸಂಗೀತದ ಇತಿಹಾಸವನ್ನು ಓದತೊಡಗಿದವರಿಗೆ ಮೊದಲು ಎದುರಾಗುವುದು ಸ್ಕಾ, ರಾಕ್‌ಸ್ಟೆಡಿ, ರೆಗೆ, ಡಬ್, ಡ್ಯಾನ್ಸ್‌ಹಾಲ್ ಎಂಬ ಹೆಸರುಗಳ ಸಾಲು. ಹೆಸರು ಮತ್ತು ಇಸವಿಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹೇಗೆ ಹುಟ್ಟಿತೆಂಬುದು ತಿಳಿಯುವುದಿಲ್ಲ. ಆದ್ದರಿಂದ ಈ ಟಿಪ್ಪಣಿಯಲ್ಲಿ ಒಂದೇ ಎಳೆಯನ್ನು ಹಿಡಿದಿದ್ದೇನೆ: ಹಾಡಿದವರ ದನಿಯನ್ನು ತೆಗೆದುಹಾಕಿ, ಉಳಿದ ವಾದ್ಯಭಾಗದ ಮೇಲೆ ಬೇರೊಬ್ಬರು ದನಿಗೂಡಿಸುವ ಪದ್ಧತಿ. ಜಮೈಕಾದವರು ಆ ವಾದ್ಯಭಾಗವನ್ನು ‘ರಿಡಿಮ್’ ಎಂದೂ, ದನಿ ತೆಗೆದ ಮುದ್ರಣವನ್ನು ‘ವರ್ಷನ್’ ಎಂದೂ ಕರೆಯುತ್ತಾರೆ.

1950ರ ದಶಕದ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ ಜನರು ಸಂಗೀತ ಕೇಳಿ ಕುಣಿಯುತ್ತಿದ್ದುದು ಸೌಂಡ್ ಸಿಸ್ಟಂಗಳ ಸುತ್ತ, ಅಂದರೆ ಬಯಲಿನಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ನಿಲ್ಲಿಸಿ ಅಮೆರಿಕದ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳನ್ನು ನುಡಿಸುವ ತಂಡಗಳ ಸುತ್ತ. ಇಂಥ ತಂಡಗಳ ಮಾಲೀಕರಾದ ಡ್ಯೂಕ್ ರೀಡ್ ಮತ್ತು ಕಾಕ್ಸನ್ ಡಾಡ್ ಇವರ ನಡುವಿನ ಪೈಪೋಟಿ ಎಷ್ಟು ತೀವ್ರವಾಗಿತ್ತೆಂದರೆ, ಹಾಡಿನ ಹೆಸರು ಎದುರಾಳಿಗೆ ತಿಳಿಯದಿರಲೆಂದು ರೆಕಾರ್ಡಿನ ಮೇಲಿನ ಚೀಟಿಯನ್ನೇ ಕೆರೆದು ಹಾಕಲಾಗುತ್ತಿತ್ತು. ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಮೇಲುಗೈ ಪಡೆದು ಇವರಿಗೆ ಬೇಕಾದ ಬಗೆಯ ಹಾಡುಗಳು ವಿರಳವಾದಾಗ, ಈ ಮಾಲೀಕರು ತಾವೇ ಸ್ಥಳೀಯ ಗಾಯಕರನ್ನು ಕೂಡಿಸಿ ಧ್ವನಿಮುದ್ರಣಕ್ಕೆ ಇಳಿದರು.

1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾಯಿತು. ಆ ವರ್ಷಗಳ ಸಂಗೀತ ವೇಗದ ಸ್ಕಾ. ಡಾಡ್ 1963ರಲ್ಲಿ ಬ್ರೆಂಟ್‌ಫೋರ್ಡ್ ರಸ್ತೆಯಲ್ಲಿ ಸ್ಟುಡಿಯೋ ಒನ್ ತೆರೆದರು, ಮರುವರ್ಷ ಸ್ಕಟಲೈಟ್ಸ್ ತಂಡ ರೂಪುಗೊಂಡಿತು. 1966ರ ಹೊತ್ತಿಗೆ ನಡೆ ನಿಧಾನವಾಗಿ ಬಾಸ್ ಗಿಟಾರು ಮುಂದಕ್ಕೆ ಬಂದಾಗ ಅದು ರಾಕ್‌ಸ್ಟೆಡಿ ಎನಿಸಿತು. 1968ರಲ್ಲಿ ಮೇಟಲ್ಸ್ ತಂಡದ ಒಂದು ಹಾಡು ‘ರೆಗೆ’ ಎಂಬ ಪದವನ್ನು ತನ್ನ ಶೀರ್ಷಿಕೆಯಲ್ಲೇ ಹೊತ್ತು ಬಂದಿತು. ರೆಗೆಯ ‘ಒನ್ ಡ್ರಾಪ್’ ಎಂಬ ಹೆಸರಾಂತ ನಡೆಯಲ್ಲಿ, ನಾಲ್ಕು ಎಣಿಕೆಯ ಆವರ್ತದ ಮೊದಲ ಎಣಿಕೆ ಖಾಲಿ ಉಳಿದು ಡ್ರಮ್ಮಿನ ಒತ್ತು ಮೂರನೆಯದರ ಮೇಲೆ ಬೀಳುತ್ತದೆ. ಗಿಟಾರು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಚುಟುಕಾಗಿ ಮಿಡಿಯುತ್ತದೆ. ಸಮದಲ್ಲಿ ಒತ್ತನ್ನು ನಿರೀಕ್ಷಿಸುವ ನಮ್ಮ ಕಿವಿಗೆ ಇದು ಒಗ್ಗಲು ಕೆಲವು ದಿನ ಬೇಕು.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಸಂಭವಿಸಿದ್ದು ಅದೇ ದಶಕದ ಕೊನೆಯಲ್ಲಿ, ಒಂದು ಕೈತಪ್ಪಿನಿಂದ. ಸ್ಪ್ಯಾನಿಷ್ ಟೌನಿನ ಸೌಂಡ್ ಸಿಸ್ಟಂ ಮಾಲೀಕ ರಡಿ ರೆಡ್‌ವುಡ್ ಅವರಿಗಾಗಿ ಪ್ಯಾರಗಾನ್ಸ್ ತಂಡದ ಹಾಡೊಂದನ್ನು ತಟ್ಟೆಗೆ ಇಳಿಸುವಾಗ, ಡ್ಯೂಕ್ ರೀಡ್ ಅವರ ಸ್ಟುಡಿಯೋದ ತಂತ್ರಜ್ಞ ಗಾಯನವನ್ನು ಸೇರಿಸದೆ ಬಿಟ್ಟರು. ಅದನ್ನು ನುಡಿಸಿದಾಗ ನೆರೆದ ಜನರೇ ಹಾಡತೊಡಗಿದರು. ನಿರ್ಮಾಪಕರಿಗೆ ಇದರಲ್ಲಿ ಲಾಭವೂ ಇತ್ತು, ಏಕೆಂದರೆ ರೆಕಾರ್ಡಿನ ಹಿಂಬದಿಗೆ ಇನ್ನೊಂದು ಹಾಡನ್ನು ಹಣ ತೆತ್ತು ಮಾಡಿಸುವ ಬದಲು ಅದೇ ಹಾಡಿನ ವರ್ಷನ್ ಹಾಕಿದರೆ ಸಾಕಾಗುತ್ತಿತ್ತು.

ಖಾಲಿಯಾದ ಆ ಜಾಗಕ್ಕೆ ಇಬ್ಬರು ಎರಡು ದಾರಿಯಿಂದ ಬಂದರು. ವಿದ್ಯುತ್ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ಕಿಂಗ್ ಟಬಿ, ಡ್ರಮ್ಮು ಮತ್ತು ಬಾಸನ್ನು ಉಳಿಸಿಕೊಂಡು ಉಳಿದ ವಾದ್ಯಗಳನ್ನು ಮರೆಮಾಡುತ್ತ, ಮತ್ತೆ ತರುತ್ತ, ಪ್ರತಿಧ್ವನಿಯಲ್ಲಿ ಅದ್ದಿ ಡಬ್ ಎಂಬ ಪ್ರಕಾರವನ್ನೇ ಬೆಳೆಸಿದರು. ಅವರದೇ ಸೌಂಡ್ ಸಿಸ್ಟಂನಲ್ಲಿ ಮೈಕು ಹಿಡಿಯುತ್ತಿದ್ದ ಯು-ರಾಯ್, 1970ರಲ್ಲಿ ಡ್ಯೂಕ್ ರೀಡ್ ಅವರ ಹಳೆಯ ರಿಡಿಮ್‌ಗಳ ಮೇಲೆ ಲಯಬದ್ಧವಾಗಿ ಮಾತಾಡಿ ಮುದ್ರಿಸಿದ ರೆಕಾರ್ಡುಗಳು ಜಮೈಕಾದ ಜನಪ್ರಿಯತೆಯ ಪಟ್ಟಿಯ ಮೇಲ್ತುದಿಗೇರಿದವು. ಇಲ್ಲೊಂದು ಪದದ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು: ಜಮೈಕಾದಲ್ಲಿ ಡೀಜೆ ಎಂದರೆ ಮೈಕಿನಲ್ಲಿ ನುಡಿಯುವವರು, ರೆಕಾರ್ಡು ಹಾಕುವವರನ್ನು ಸೆಲೆಕ್ಟರ್ ಎನ್ನುತ್ತಾರೆ.

1972ರ ಜಿಮ್ಮಿ ಕ್ಲಿಫ್ ಅಭಿನಯದ ಚಲನಚಿತ್ರ, 1973ರಿಂದ ಐಲೆಂಡ್ ಸಂಸ್ಥೆಯ ಮೂಲಕ ಹೊರಬಂದ ವೇಲರ್ಸ್ ತಂಡದ ಆಲ್ಬಂಗಳು ರೆಗೆಯನ್ನು ಜಗತ್ತಿಗೆ ಮುಟ್ಟಿಸಿದವು. ಇವು ಎಲ್ಲೆಡೆ ವಿವರವಾಗಿ ಸಿಗುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ವೇಲರ್ಸ್ ತಂಡದ ಬಾಬ್ ಮಾರ್ಲಿಯವರು 1981ರ ಮೇ 11ರಂದು ತೀರಿಕೊಂಡದ್ದರಿಂದ ರೆಗೆ ಮುಗಿದು ಡ್ಯಾನ್ಸ್‌ಹಾಲ್ ಶುರುವಾಯಿತೆಂದು ಬರೆಯುವುದು ತಪ್ಪು. ಸ್ಟುಡಿಯೋ ಒನ್‌ನ ಹಳೆಯ ರಿಡಿಮ್‌ಗಳನ್ನು ಹೊಸದಾಗಿ ನುಡಿಸಿ ಅವುಗಳ ಮೇಲೆ ಡೀಜೆಗಳು ದಿನನಿತ್ಯದ ಬದುಕು, ಪ್ರಣಯ, ಕುಣಿತಗಳ ಬಗ್ಗೆ ನುಡಿಯುವ ಈ ಡ್ಯಾನ್ಸ್‌ಹಾಲ್ ಪದ್ಧತಿ 1970ರ ದಶಕದ ಕೊನೆಯಲ್ಲೇ ಬಲವಾಗಿತ್ತು. ಯೆಲ್ಲೋಮ್ಯಾನ್ ಆ ಅಲೆಯ ಮೊದಲ ದೊಡ್ಡ ತಾರೆ.

ವಾದ್ಯಗಾರರಿಲ್ಲದ ರಿಡಿಮ್ ಬಂದದ್ದು 1985ರಲ್ಲಿ. ಟಬಿ ಅವರ ಕೈಕೆಳಗೆ ಪಳಗಿದ ಕಿಂಗ್ ಜಾಮಿ, ಕ್ಯಾಸಿಯೋ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಮೊದಲೇ ಅಡಕವಾಗಿದ್ದ ಲಯವೊಂದರ ವೇಗ ತಗ್ಗಿಸಿ, ಅದರ ಮೇಲೆ ವೇಯ್ನ್ ಸ್ಮಿತ್ ಅವರಿಂದ ಹಾಡಿಸಿದರು. ಇದೇ ಸ್ಲೆಂಗ್ ಟೆಂಗ್ ರಿಡಿಮ್. ಫೆಬ್ರುವರಿ 23ರಂದು ಬ್ಲ್ಯಾಕ್ ಸ್ಕಾರ್ಪಿಯೋ ಸೌಂಡ್ ಸಿಸ್ಟಂ ಜೊತೆಗಿನ ಸ್ಪರ್ಧೆಯಲ್ಲಿ ಜಾಮಿ ಇದನ್ನು ನುಡಿಸಿದ ಮೇಲೆ ಕಿಂಗ್‌ಸ್ಟನ್ನಿನ ಇತರ ನಿರ್ಮಾಪಕರೂ ಯಂತ್ರಗಳತ್ತ ತಿರುಗಿದರು. ಆ ಲಯವನ್ನು ಕ್ಯಾಸಿಯೋದಲ್ಲಿ ಸಿದ್ಧಪಡಿಸಿದ್ದವರು ಒಕುದಾ ಹಿರೋಕೊ. ಜಪಾನಿನಲ್ಲಿ ಸಂಗೀತ ಓದುತ್ತಿದ್ದಾಗ ಅವರು ಪದವಿಯ ಪ್ರಬಂಧವನ್ನು ಬರೆದದ್ದೇ ರೆಗೆ ಕುರಿತು. ಜಾಮಿ ಆ ರಿಡಿಮನ್ನು ವೇಯ್ನ್ ಸ್ಮಿತ್ ಅವರಿಗೆ ಮಾತ್ರ ಮೀಸಲಿಡಲಿಲ್ಲ. ಅದೇ ವರ್ಷ ಗಾಯಕ ಟೆನರ್ ಸಾ ಸೇರಿದಂತೆ ಹಲವರು ಅದರ ಮೇಲೆ ತಮ್ಮ ತಮ್ಮ ಪದಗಳನ್ನು ಹಾಡಿ ಮುದ್ರಿಸಿದರು.