ಪೆಡಲ್ ಮೆತ್ತಗಾಗಿತ್ತಾ, ಗಟ್ಟಿಯಾಗಿತ್ತಾ?

ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿಯಲೇ ಇಲ್ಲ ಎಂದು ಕಾರು ತರುತ್ತಾರೆ. ನಾನು ಓಡಿಸಿ ನೋಡಿದರೆ ಚೆನ್ನಾಗಿಯೇ ಹಿಡಿಯುತ್ತದೆ. ಅವರು ಹೇಳಿದ್ದು ಸುಳ್ಳಲ್ಲ. ಬಿಸಿಗೆ ಬಂದ ದೋಷ ಬ್ರೇಕ್ ತಣ್ಣಗಾದರೆ ಮಾಯ. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ಕೇಳುತ್ತೇನೆ: ಆಗ ಪೆಡಲ್ ಮೆತ್ತಗಾಗಿತ್ತಾ, ಗಟ್ಟಿಯಾಗಿಯೇ ಇತ್ತಾ?

ಮೆತ್ತಗಾಗಿ ಕೆಳಗಿನವರೆಗೂ ಹೋಯಿತು ಎಂದರೆ ಮೊದಲ ಅನುಮಾನ ಬ್ರೇಕ್ ಆಯಿಲ್ ಮೇಲೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಇಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಕುಗ್ಗಿಸಲಿಕ್ಕೇ ಹೋಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ನಾವು ಸುಮ್ನೆ ಹೇಳುವುದಲ್ಲ. ಕಾರು ತಣ್ಣಗಿದ್ದಾಗಲೂ ಪೆಡಲ್ ಮೆತ್ತಗಿದ್ದರೆ ಕಥೆ ಬೇರೆ. ಪೈಪಿನಲ್ಲಿ ಗಾಳಿ ಸೇರಿರಬಹುದು, ಎಲ್ಲೋ ಸೋರುತ್ತಿರಬಹುದು. ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ, ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ನೋಡಬೇಕು.

ಪೆಡಲ್ ಗಟ್ಟಿ ಇದೆ, ಸುಟ್ಟ ವಾಸನೆ ಬರುತ್ತಿದೆ, ಆದರೂ ಕಾರು ನಿಲ್ಲುತ್ತಿಲ್ಲ ಅಂದರೆ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್‌ಗಳು ಅತಿಯಾಗಿ ಬಿಸಿಯಾಗಿ ಹಿಡಿತ ಕಳೆದುಕೊಂಡಿವೆ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿದ್ರಾ ಅಂತಲೂ ಕೇಳುತ್ತೇನೆ. ತಲೆ ತಗ್ಗಿಸಿದರೆ ಉತ್ತರ ಸಿಕ್ಕಿತು ಎಂದೇ ಅರ್ಥ! ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ, ಪೆಡಲ್ ಹಗುರ ಮಾಡುವ ಬೂಸ್ಟರ್‌ನ ಸಹಾಯ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ಬೂಸ್ಟರ್ ಸರಿಯಿದೆಯಾ ಎಂದು ಮನೆಯಲ್ಲೇ ನೋಡಬಹುದು. ಎಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಹಾಗೇ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು.

ಕಾರು ಒಂದು ಕಡೆಗೆ ಎಳೆಯುತ್ತದಾ? ಇಳಿದು ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಚಕ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಪ್ಯಾಡ್ ಒತ್ತುವ ಕ್ಯಾಲಿಪರ್ ಸಿಕ್ಕಿಕೊಂಡಿರಬಹುದು.

ಇನ್ನೊಂದು ದೂರು ನನಗೆ ಇಷ್ಟ, ಏಕೆಂದರೆ ಅದರಲ್ಲೇ ಉತ್ತರವೂ ಇರುತ್ತದೆ: ಡ್ಯಾಶ್‌ಬೋರ್ಡಿನ ಬ್ರೇಕ್ ಎಚ್ಚರಿಕೆ ದೀಪ ಇಳಿಜಾರಿನಲ್ಲಿ ಮಾತ್ರ ಹತ್ತುತ್ತದೆ, ಸಮತಟ್ಟಿನಲ್ಲಿ ಆರುತ್ತದೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಕಡಿಮೆ ಇದ್ದಾಗ ಕಾರಿನ ಮೂತಿ ತಗ್ಗಿದರೆ ಆಯಿಲ್ ಮುಂದಕ್ಕೆ ಸರಿದು, ಮಟ್ಟ ನೋಡುವ ಸೆನ್ಸರ್‌ಗೆ ಸಿಗುವುದಿಲ್ಲ. ಒಬ್ಬರು ಆಯಿಲ್ ತುಂಬಿಸಿ ದೀಪ ಆರಿಸಿಕೊಂಡು ನಿಶ್ಚಿಂತೆಯಿಂದಿದ್ದರು. ಸೋರಿಕೆ ಎಲ್ಲೂ ಇರಲಿಲ್ಲ. ಚಕ್ರ ಬಿಚ್ಚಿದೆ. ಪ್ಯಾಡ್ ಸವೆದು ಲೋಹದ ತಟ್ಟೆಗೆ ಬಂದಿತ್ತು. ಸವೆದ ಜಾಗ ತುಂಬಲು ಆಯಿಲ್ ಕ್ಯಾಲಿಪರ್‌ಗೆ ಇಳಿದಿತ್ತು, ಅಷ್ಟೇ.